ವಿಜಯಪುರದ ಗುಜರಿಯಲ್ಲಿ ಸಿಕ್ಕ ಐಬಿಎಂ ಮಾಡೆಲ್ ಎಂ ಕೀಬೋರ್ಡ್ ಈಗಿನ ಲ್ಯಾಪ್‌ಟಾಪಿಗೆ ನಡೆಯುತ್ತದೆಯೇ? ಸ್ವಚ್ಛ ಮಾಡುವುದು ಹೇಗೆ?

ನಡೆಯುತ್ತದೆ. ದಯವಿಟ್ಟು ಮತ್ತೆ ತೂಕಕ್ಕೆ ಹಾಕಬೇಡಿ! 1985ರಲ್ಲಿ ಬಂದ ಈ ಮಾದರಿಯಲ್ಲಿ ಪ್ರತಿ ಕೀಲಿಯ ಕೆಳಗೂ ಒಂದು ಸ್ಪ್ರಿಂಗ್ ಇದೆ. ಒತ್ತಿದಾಗ ಅದು ಬಳುಕಿ ಬಾಗುತ್ತದೆ, ಆ ಗಟ್ಟಿ ಟಕ್ ಸದ್ದು ಅದರದೇ. ಇಷ್ಟು ಚೊಲೋ ಟೈಪಿಂಗ್ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕೇಬಲ್ಲಿನ ತುದಿ ಪಿಎಸ್/2 (ಹಳೇ ಕಂಪ್ಯೂಟರುಗಳ ದುಂಡನೆಯ ಪ್ಲಗ್) ಆಗಿದ್ದರೆ ಬರೀ ಪಿನ್ ಬದಲಿಸುವ ಅಗ್ಗದ ಅಡಾಪ್ಟರ್ ಸಾಲದು, ಒಳಗೆ ಚಿಪ್ ಇರುವ ಯುಎಸ್‌ಬಿ ಕನ್ವರ್ಟರ್ ಬೇಕು.

ನಮ್ಮ ಕಡೆಯ ಎರೆಮಣ್ಣಿನ ಧೂಳು ಸಂದುಸಂದಿಯಲ್ಲೂ ಕೂತಿರುತ್ತದೆ. ಕೀಲಿಗಳ ಮೇಲಿನ ಟೋಪಿಗಳನ್ನಷ್ಟೇ (ಕೀಕ್ಯಾಪ್) ಕಿತ್ತು ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಉಳಿದದ್ದನ್ನು ನೀರಿಗೆ ಹಾಕಲೇಬೇಡಿ; ಒಳಗಿನ ಪ್ಲಾಸ್ಟಿಕ್ ಹಾಳೆಗಳ ನಡುವೆ ತೇವ ನಿಂತರೆ ಸರ್ಕಿಟ್ ಗೆರೆಗಳು ಕೆಡುತ್ತವೆ. ಬ್ರಷ್ ಸಾಕು.

ಕವಚ ಬಿಚ್ಚಲು ತೆಳು ಅಂಚಿನ 5.5 ಮಿ.ಮೀ. ನಟ್ ಡ್ರೈವರ್ ಬೇಕು. ಒಳಗಿಂದ ಕರಿ ಪ್ಲಾಸ್ಟಿಕ್ ಚೂರುಗಳು ಉದುರಿದರೆ ಗಾಬರಿಯಾಗಬೇಡಿ, ಅವು ಒಳಗಿನ ಪದರಗಳನ್ನು ಹಿಡಿದಿಡುವ, ಈಗ ಮುರಿದ ರಿವೆಟ್ಟುಗಳು (ಪ್ಲಾಸ್ಟಿಕ್ ಮೊಳೆಗಳು). ಹತ್ತಾರು ರಿವೆಟ್ಟುಗಳಲ್ಲಿ ಒಂದೆರಡು ಹೋದರೆ ಹಾಗೇ ಬಿಡಿ. ಬಹಳಷ್ಟು ಹೋಗಿ ಕೀಲಿಗಳು ಸಡಿಲವಾಗಿದ್ದರೆ ಮಾತ್ರ ಅದೇ ಜಾಗದಲ್ಲಿ ಸಣ್ಣ ತೂತು ಕೊರೆದು 2 ಮಿ.ಮೀ. ಸ್ಕ್ರೂ, ನಟ್ ಹಾಕಿ ಬಿಗಿಮಾಡಿ.