ಮನುಷ್ಯನ ಕೊಲಾಜೆನ್ (ಚರ್ಮ, ಮೂಳೆಗಳಿಗೆ ಗಟ್ಟಿತನ ಕೊಡುವ ಪ್ರೋಟೀನ್) ಜೀನ್‌ಗಳ ವಂಶದ ನಂಟನ್ನು ಹೆಸರು ನೋಡಿ ಹೇಳಬಹುದೇ?

ಆಗದು. ಜೀನಿನ ಹೆಸರಿನಲ್ಲಿ ‘ಕಾಲ್’ ಆದಮೇಲೆ ಬರುವ ಸಂಖ್ಯೆ ಪ್ರೋಟೀನಿನ ವಿಧದ್ದು, ವಂಶದ್ದಲ್ಲ. ಕಾಲ್5ಎ1 (COL5A1), ಕಾಲ್5ಎ2 ಜೀನ್‌ಗಳ ಎಳೆಗಳು ಒಂದೇ ನಾರಿನಲ್ಲಿ ಹೆಣೆದುಕೊಂಡರೂ ಬೇರೆ ಕವಲಿನವು: ಎರಡನೆಯದು ಕಾಲ್1ಎ1, ಕಾಲ್3ಎ1 ಗುಂಪಿಗೆ, ಮೊದಲನೆಯದು ಕಾಲ್11ಎ1 ಗುಂಪಿಗೆ ಸೇರುತ್ತದೆ.

ವಂಶವೃಕ್ಷ ಕಟ್ಟುವಾಗ ಹೆಚ್ಚಿನವರು ಎಡವುವುದು ತ್ರಿಸುರುಳಿ ಭಾಗದಲ್ಲಿ, ಅಂದರೆ ಮೂರು ಎಳೆ ಹೆಣೆದುಕೊಳ್ಳುವ ಕಡೆ. ಅಲ್ಲಿ ಪ್ರತಿ ಮೂರನೆಯ ಅಮೈನೋ ಆಮ್ಲ ಗ್ಲೈಸಿನ್. ಯಾವ ತುಂಡನ್ನು ಯಾವುದರ ಪಕ್ಕ ಇಟ್ಟರೂ ಹೊಂದಿದಂತೆಯೇ ಕಾಣುತ್ತದೆ. ಆದ್ದರಿಂದ ನಾರು ಕೊಲಾಜೆನ್‌ಗಳಿಗೆ ಸಿ-ತುದಿಯ ಪ್ರೊಪೆಪ್ಟೈಡನ್ನು (ಎಳೆಯ ಕೊನೆಯಲ್ಲಿದ್ದು ಆಮೇಲೆ ಕತ್ತರಿಸಿಹೋಗುವ ತುಂಡು) ಹೋಲಿಸಿ. ಎಕ್ಸಾನ್ (ಜೀನಿನಲ್ಲಿ ಪ್ರೋಟೀನಿನ ಸಂಕೇತವಿರುವ ತುಂಡು) ಉದ್ದವೂ ಸುಳಿವು: ಬಹಳಷ್ಟು 54 ಬೇಸ್, ಅಂದರೆ 18 ಅಮೈನೋ ಆಮ್ಲ, ಗ್ಲೈಸಿನ್ ಇರುವ ಆರು ತ್ರಿವಳಿ.

ನನ್ನ ಮಟ್ಟಿಗೆ ವಂಶದ ನಂಟಿಗೆ ಅತಿ ಚೊಕ್ಕ ಪುರಾವೆ ನಾಲ್ಕನೇ ವಿಧದ ಕೊಲಾಜೆನ್‌ನದು. ಅದರ ಆರು ಜೀನ್‌ಗಳು (ಕಾಲ್4ಎ1ರಿಂದ ಕಾಲ್4ಎ6) ತಲೆಗೆ ತಲೆ ಕೊಟ್ಟು ಜೋಡಿಜೋಡಿಯಾಗಿ 13, 2 ಮತ್ತು ಎಕ್ಸ್ ವರ್ಣತಂತುಗಳಲ್ಲಿ ಕೂತಿವೆ. ಎ1, ಎ3, ಎ5 ಒಂದು ಬಳಗ; ಎ2, ಎ4, ಎ6 ಇನ್ನೊಂದು. ಮೊದಲು ಒಂದು ಜೀನ್ ಎರಡಾಯಿತು, ಆಮೇಲೆ ಜೋಡಿಗೆ ಜೋಡಿಯೇ ನಕಲಾಯಿತು.