ಸೋಫಾ ನೋಡಿ ಮರುಳಾಗಬೇಡಿ

ತೋರಣಗಲ್ಲಿಗೆ ವರ್ಗವಾಗಿದೆ, ಬಳ್ಳಾರಿಯಲ್ಲಿ ಪೂರ್ತಿ ಫರ್ನಿಶ್ಡ್ ಐಷಾರಾಮಿ ಫ್ಲ್ಯಾಟ್ ಹಿಡಿಯಬಹುದಾ, ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಿದ್ದಾರೆ ಅಂತ ಬರೆದಿದ್ದೀರಿ. ಹಿಡಿಯಬಹುದು. ಆದರೆ ಅಡ್ವಾನ್ಸ್ ಜಾಸ್ತಿಯಾಯಿತು, ಚೌಕಾಸಿ ಮಾಡಿ.

ಹೊಸಪೇಟೆ ರಸ್ತೆ ಕಡೆಯೇ ಮನೆ ನೋಡಿ. ತೋರಣಗಲ್ಲು ಅದೇ ದಾರಿಯಲ್ಲಿದೆ. ದಿನಾ ಒಂದು ಕಡೆಗೇ ಸುಮಾರು ಮೂವತ್ತು ಕಿಲೋಮೀಟರ್ ಓಡಾಡಬೇಕಲ್ವಾ, ಅದರ ಮೇಲೆ ಊರೊಳಗಿನ ಟ್ರಾಫಿಕ್ ಯಾಕೆ?

ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಾಗಾಗಿ ಝೂಮರ್ ದೀಪಕ್ಕಿಂತ ಜನರೇಟರ್ ಮುಖ್ಯ. 'ಬ್ಯಾಕಪ್ ಇದೆ' ಅಂದರೆ ನಂಬಬೇಡಿ. ಲಿಫ್ಟಿಗೂ ಲೈಟಿಗೂ ಮಾತ್ರವಾ, ಏಸಿಯೂ ಓಡುತ್ತದಾ ಅಂತ ಕೇಳಿ. ಮೇಲಿನ ಮಹಡಿಯಾದರೆ ಮಧ್ಯಾಹ್ನ ಮೂರಕ್ಕೆ ಹೋಗಿ ಗೋಡೆ ಮುಟ್ಟಿ ನೋಡಿ, ಎಲ್ಲ ಗೊತ್ತಾಗುತ್ತದೆ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಟ್ಯಾಂಕರ್ ದುಡ್ಡು ಯಾರದು ಅಂತ ಮಾಲೀಕರನ್ನಲ್ಲ, ವಾಚ್‌ಮನ್‌ನನ್ನು ಕೇಳಿ.

ಸಾಮಾನಿನ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಸೋಫಾದ ಮೇಲೆ ಮೊದಲೇ ಇದ್ದ ಗೀರಿಗೆ ಮನೆ ಬಿಡುವಾಗ ಹದಿನೆಂಟು ಸಾವಿರ ಮುರಿದುಕೊಂಡರು. ಕೀಲಿ ಪಡೆದ ದಿನವೇ ಫ್ರಿಜ್, ಹಾಸಿಗೆ, ಪರದೆ ಎಲ್ಲದರ ವಿಡಿಯೊ ಮಾಡಿ ಮಾಲೀಕರಿಗೆ ವಾಟ್ಸ್ಯಾಪ್ ಮಾಡಿ. ಸಾಮಾನಿನ ಪಟ್ಟಿ ಕರಾರಿಗೆ ಸೇರಲಿ. ಏಸಿ ಸರ್ವಿಸ್, ಪೇಂಟ್ ಖರ್ಚು ಯಾರ ತಲೆಗೆ ಅಂತಲೂ ಬರೆಸಿ.

ಬಾಡಿಗೆ ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳಿಗೇ ಮಾಡುವುದು ಯಾಕೆ ಅಂದರೆ, ವರ್ಷ ದಾಟುವ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಅದರಲ್ಲಿ ಮೋಸವೇನಿಲ್ಲ.

ಬಿಳಿ ಲೆದರ್ ಸೋಫಾ ಇದ್ದರೆ ಮಾತ್ರ ಬೇಡ ಅನ್ನಿ. ಈ ಕೆಂಪು ಧೂಳಿಗೆ ಒರೆಸಿ ಒರೆಸಿ ಸಾಕಾಗುತ್ತದೆ.