ಮುಗಿಯದ ಸಾಕ್ಷಿ

(ಡೊಂಬಿವಲಿಯಿಂದ ಒಬ್ಬ ತಾಯಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಪತ್ರದ ಸಾರ ಇಷ್ಟು: 19 ವರ್ಷದ ಮಗನಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಗಂಡ ನಡೆಸುತ್ತಿದ್ದ ಕ್ಯಾಂಟೀನಿನ ಗುತ್ತಿಗೆ ಹೋದ ವರ್ಷ ಕೈತಪ್ಪಿತು. ಮನೆಕೂಟಕ್ಕೆ ಬರುವ ಒಬ್ಬರು, "ನಿಮ್ಮ ಮನೆಯಲ್ಲಿ ಅರಿಕೆ ಮಾಡದ ಪಾಪ ಏನೋ ಇದೆ, ಇಲ್ಲವಾದರೆ ನಂಬಿಕೆ ಸಾಲದು" ಎಂದರಂತೆ. "ನಂಬಿಕೆಯಿಂದ ಒಂದು ಸಲ ಡಯಾಲಿಸಿಸ್ ಬಿಟ್ಟು ನೋಡಿ" ಎಂದೂ ಹೇಳಿದರಂತೆ. ಕೊನೆಯಲ್ಲಿ ಅವರು ಕೇಳಿರುವುದು: "ಕಷ್ಟದಲ್ಲಿ ನಂಬಿಕೆ ಬೆಳೆಯುತ್ತದೆ ಅಂತ ನೀವೆಲ್ಲ ಬರೆಯುತ್ತೀರಿ. ನನ್ನದು ಸೊರಗಿ ಕಡ್ಡಿಯಾಗಿದೆ. ಪ್ರಾರ್ಥನೆ ಬರುವುದಿಲ್ಲ. ನಿಮ್ಮ ಪತ್ರಿಕೆಯ ಸಾಕ್ಷಿ ಅಂಕಣ ಓದಿದರೆ ಹೊಟ್ಟೆ ಉರಿಯುತ್ತದೆ. ನಾನು ಕ್ರೈಸ್ತಳೇ ಹೌದಾ?")

ಪ್ರಿಯ ಸಹೋದರಿಯವರೇ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಕ್ಷಮಿಸಿ. ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಎರಡರಲ್ಲೂ ವಚನಗಳು ಜಾಸ್ತಿಯಾಗಿದ್ದವು, ಮಾತು ಕಡಿಮೆಯಾಗಿತ್ತು.

ಹೊಟ್ಟೆ ಉರಿಯ ವಿಷಯದಿಂದಲೇ ಶುರು ಮಾಡುತ್ತೇನೆ. ಅದರಲ್ಲಿ ತಪ್ಪು ನಮ್ಮದು. ಸಾಕ್ಷಿ ಅಂಕಣಕ್ಕೆ ಒಂದು ಅಚ್ಚು ಆಗಿಬಿಟ್ಟಿದೆ. ಕಷ್ಟ ಬಂತು, ಉಪವಾಸ ಪ್ರಾರ್ಥನೆ ಮಾಡಿದೆವು, ಡಾಕ್ಟರೇ ಬೆರಗಾದರು, ಕರ್ತನಿಗೆ ಸ್ತೋತ್ರ. ಹಾಗೆ ಗುಣವಾದವರು ಸುಳ್ಳು ಹೇಳುತ್ತಾರೆ ಅಂತ ಅಲ್ಲ. ಅವರ ಸಂತೋಷದಲ್ಲಿ ನನಗೂ ಪಾಲಿದೆ. ಆದರೆ ಗುಣವಾಗದವರೂ ನಮಗೆ ಬರೆಯುತ್ತಾರೆ. ಅಂಥ ಪತ್ರದ ಮೂಲೆಯಲ್ಲಿ 'ಮುಂದೆ ನೋಡೋಣ' ಅಂತ ಪೆನ್ಸಿಲಿನಲ್ಲಿ ಗೀಚಿ, ಕಬ್ಬಿಣದ ಕಪಾಟಿನ ಕೆಳಗಿನ ಖಾನೆಗೆ ಹಾಕುತ್ತೇನೆ. ಕಥೆ ಮುಗಿದ ಮೇಲೆ ಇನ್ನೊಂದು ಪತ್ರ ಬರುತ್ತದೆ, ಆಗ ಒಟ್ಟಿಗೆ ಹಾಕಿದರಾಯಿತು ಅನ್ನುವುದು ನನ್ನ ಲೆಕ್ಕ. ನಿಮ್ಮ ಪತ್ರ ಓದಿದ ಸಂಜೆ ಆ ಖಾನೆ ಎಳೆದು ನೋಡಿದೆ. ಹನ್ನೊಂದು ಪತ್ರ ಇದ್ದವು. ಒಂದು ಆರು ವರ್ಷ ಹಳೆಯದು. ಬರೆದಾಕೆ ಈಗ ಇಲ್ಲ.

ಇನ್ನು ನಿಮ್ಮ ಮನೆಕೂಟದವರ ಮಾತು. ಮೊದಲು ಡಯಾಲಿಸಿಸ್ ವಿಷಯ ಮುಗಿಸುತ್ತೇನೆ: ಒಂದನ್ನೂ ಬಿಡಬೇಡಿ. ಯಾರೇ ಹೇಳಲಿ, ಎಷ್ಟೇ ವಚನ ತೋರಿಸಲಿ. ಕಿಡ್ನಿ ಕೆಲಸ ಮಾಡದಿದ್ದರೆ ಮೈಯಲ್ಲಿ ನೀರು ನಿಲ್ಲುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಏರಿದರೆ ಹೃದಯವೇ ನಿಂತುಹೋಗಬಹುದು. ಬೇರೆಯವರ ಮಗನ ಪ್ರಾಣ ಪಣಕ್ಕಿಟ್ಟು ತೋರಿಸುವ ಧೈರ್ಯವನ್ನು ನಾನು ನಂಬಿಕೆ ಅಂತ ಕರೆಯಲಾರೆ.

ಪಾಪದ ಮಾತು ಹಳೆಯದು. ಸತ್ಯವೇದದಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಮೂವರು ಸ್ನೇಹಿತರೂ ಅದನ್ನೇ ಹೇಳಿದರು. ಅವರ ಬಗ್ಗೆ ಒಂದು ಒಳ್ಳೆಯ ಸಂಗತಿ ಇದೆ. ಬಂದ ಮೇಲೆ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಬಾಯಿ ತೆರೆದ ಮೇಲೆ ಎಲ್ಲಾ ಕೆಟ್ಟಿತು. ಅಷ್ಟುದ್ದ ವಾದ ನಡೆದು 42ನೇ ಅಧ್ಯಾಯಕ್ಕೆ ಬಂದರೆ, ದೇವರು ಸಿಟ್ಟಾಗುವುದು ಯಾರ ಮೇಲೆ? ತನ್ನ ಪರವಾಗಿ ವಕಾಲತ್ತು ಮಾಡಿದ ಆ ಸ್ನೇಹಿತರ ಮೇಲೆ. ಕೂಗಾಡಿದ, ಹುಟ್ಟಿದ ದಿನವನ್ನೇ ಶಪಿಸಿದ ಯೋಬ ಸರಿಯಾಗಿ ಮಾತಾಡಿದ್ದಾನೆ ಅನ್ನುತ್ತಾರೆ ದೇವರು. ಹುಟ್ಟುಕುರುಡನನ್ನು ತೋರಿಸಿ ಶಿಷ್ಯರು "ಯಾರ ಪಾಪ?" ಅಂತ ಕೇಳಿದಾಗ ಯೇಸುಸ್ವಾಮಿ ಇವನದೂ ಅಲ್ಲ, ಹೆತ್ತವರದೂ ಅಲ್ಲ ಎಂದರು. ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಕೆಟ್ಟವರೇನೂ ಅಲ್ಲ ಎಂದರು. ಇದೆಲ್ಲ ಆ ಸಹೋದರರಿಗೂ ಗೊತ್ತಿರುತ್ತದೆ. ಅವರ ಮನಸ್ಸು ಕೆಟ್ಟದ್ದು ಅಂತ ನಾನು ಅನ್ನುವುದಿಲ್ಲ. ಹೆದರಿಕೆ ಇರಬೇಕು. ನಿಮ್ಮ ಮನೆಗೆ ಬಂದದ್ದು ನಾಳೆ ತಮ್ಮ ಮನೆಗೂ ಬರಬಹುದಲ್ಲ. ನಿಮ್ಮಲ್ಲಿ ಒಂದು ಪಾಪ ಸಿಕ್ಕಿದರೆ ಅವರಿಗೆ ರಾತ್ರಿ ನಿದ್ದೆ ಬರುತ್ತದೆ.

ಪ್ರಾರ್ಥನೆ ಬರುವುದಿಲ್ಲ ಎಂದಿರಿ. ಇದಕ್ಕೆ ನಮ್ಮ ಅಪ್ಪನ ಕಥೆ ಹೇಳಬೇಕು.

ನಮ್ಮಜ್ಜ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆಯಲ್ಲಿದ್ದವರು. ಅಪ್ಪ ಅದೇ ಕಸುಬು ಹಿಡಿದು ಮುಂಬೈಗೆ ಬಂದು ಪರೇಲಿನ ಒಂದು ಮಿಲ್ಲಿನ ಲೂಮ್ ಖಾತೆಗೆ ಸೇರಿದರು. 1982ರ ಜನವರಿ 18ಕ್ಕೆ ಮುಷ್ಕರ ಶುರುವಾಯಿತು. ಕಾರ್ಮಿಕ ನಾಯಕ ದತ್ತಾ ಸಾಮಂತರ ಮಾತಿಗೆ ಸುಮಾರು ಎರಡೂವರೆ ಲಕ್ಷ ಮಿಲ್ ಕಾರ್ಮಿಕರು ಹೊರಗೆ ಬಂದರು. ಹದಿನೈದು ದಿನದಲ್ಲಿ ಮುಗಿಯುತ್ತದೆ ಅಂತ ಅಪ್ಪ ಹೇಳಿದ್ದು ನೆನಪಿದೆ. ಮುಗಿಯಿತು ಅಂತ ಇವತ್ತಿನವರೆಗೂ ಯಾರೂ ಸಾರಿ ಹೇಳಿಲ್ಲ. ಮಿಲ್ಲುಗಳೇ ಒಂದೊಂದಾಗಿ ಮುಚ್ಚಿದವು. ಈಗ ಆ ಜಾಗದಲ್ಲಿ ಮಾಲ್‌ಗಳಿವೆ.

ನಮ್ಮದು ಚಾಳಿನಲ್ಲಿ ಹತ್ತಕ್ಕೆ ಹನ್ನೆರಡಡಿಯ ಖೋಲಿ. ಸಂಜೆ ಏಳೂವರೆಗೆ ಮನೆಪ್ರಾರ್ಥನೆ. ಮೊದಲೆಲ್ಲ ಅಪ್ಪನ ಪ್ರಾರ್ಥನೆ ಬಹಳ ಉದ್ದ. ಸಭೆ, ಸಭಾಪಾಲಕರು, ವಿಧವೆಯರು, ಅನಾಥರು, ಊರಿನ ಮಳೆಬೆಳೆ, ಒಬ್ಬರನ್ನೂ ಬಿಡುತ್ತಿರಲಿಲ್ಲ. ನಮಗೆ ಕಾಲು ಜೋಮು ಹಿಡಿಯುತ್ತಿತ್ತು. ಮುಷ್ಕರದ ಆರನೇ ತಿಂಗಳಿಗೆ ಅದು ನಿಂತುಹೋಯಿತು. ಆ ಹೊತ್ತಿಗೆ ಅಮ್ಮನ ಬಳೆ ಹೋಗಿತ್ತು, ಫ್ಯಾನೂ ಹೋಗಿತ್ತು. ಅಪ್ಪ ಟ್ರಂಕಿನ ಮೇಲೆ ಸತ್ಯವೇದ ತೆರೆದು ಒಂದು ಕೀರ್ತನೆ ಓದುತ್ತಿದ್ದರು. ಆಮೇಲೆ ಸುಮ್ನೆ ಕೂತಿರುತ್ತಿದ್ದರು. ಗಂಟಲು ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಸ್ಟವ್ ಹತ್ತಿರದಿಂದ "ಆಮೆನ್" ಅನ್ನುತ್ತಿದ್ದರು. ನಾವು ಎದ್ದು ಗಂಜಿಗೆ ಕೂರುತ್ತಿದ್ದೆವು.

ಒಂದು ದಿನ 88ನೇ ಕೀರ್ತನೆ ಬಂತು. 18 ವಚನ. ಬರೆದವನು ಹಗಲೂ ರಾತ್ರಿಯೂ ಕೂಗಿದ್ದೇನೆ ಅನ್ನುತ್ತಾನೆ, ನನ್ನನ್ನು ಯಾಕೆ ತಳ್ಳಿಬಿಟ್ಟೆ ಅನ್ನುತ್ತಾನೆ. ಬೇರೆ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಒಂದು ಸ್ತೋತ್ರಕ್ಕೆ ಬಂದು ನಿಲ್ಲುತ್ತವೆ. ಇದು ಕತ್ತಲೆಯಲ್ಲೇ ನಿಲ್ಲುತ್ತದೆ. ಅಪ್ಪ ಓದು ನಿಲ್ಲಿಸಿದಾಗ ನಾನು, "ಮುಂದಿನ ಪುಟ ಬಿಟ್ಟಿರಾ?" ಅಂತ ಕೇಳಿದೆ. ಅಪ್ಪ ಪುಟ ತಿರುಗಿಸಿ ತೋರಿಸಿದರು. "ಇಲ್ಲ ಮಗಾ, ಇಷ್ಟೇ. ಇದನ್ನೂ ಪುಸ್ತಕದಲ್ಲಿ ಇಟ್ಟಿದ್ದಾರೆ ನೋಡು."

ನಾನು ಸಂಪಾದಕನಾಗಿ ಇಷ್ಟು ವರ್ಷವಾಯಿತು. ಸತ್ಯವೇದವನ್ನು ಜೋಡಿಸಿದವರು ಆ ಕೀರ್ತನೆಯನ್ನು ಕೆಳಗಿನ ಖಾನೆಗೆ ಹಾಕಲಿಲ್ಲ ಅನ್ನುವುದು ನನಗೆ ಹೊಳೆದದ್ದು ನಿಮ್ಮ ಪತ್ರ ಓದಿದ ಮೇಲೆ.

ಆ ಕೀರ್ತನೆಯನ್ನು ಇನ್ನೊಂದು ಸಲ ನೋಡಿ. ಅದರಲ್ಲಿ ದೇವರ ಮೇಲೆ ದೂರು ಬಿಟ್ಟರೆ ಹೆಚ್ಚೇನೂ ಇಲ್ಲ. ಆದರೆ ಆ ದೂರನ್ನು ಅವನು ಪಕ್ಕದ ಮನೆಯವರಿಗೆ ಹೇಳುವುದಿಲ್ಲ, ದೇವರಿಗೇ ಹೇಳುತ್ತಾನೆ. ದೂರು ಹೇಳುವುದು ಬೇರೆ, ದೂರ ಹೋಗುವುದು ಬೇರೆ. ನೀವು ನನಗೆ ಬರೆದ ನಾಲ್ಕು ಪುಟದಲ್ಲಿ ಮೂರನೆಯ ಪುಟದ ಮಧ್ಯದಿಂದ 'ನೀವು' ಅನ್ನುವುದು 'ನೀನು' ಆಗಿದೆ, ಗಮನಿಸಿದಿರಾ? "ಯಾಕೆ ಸುಮ್ಮನಿದ್ದೀಯ" ಅಂತ ನೀವು ಕೇಳಿದ್ದು ನನ್ನನ್ನಲ್ಲ. ಪ್ರಾರ್ಥನೆ ಬರುವುದಿಲ್ಲ ಅನ್ನುತ್ತಲೇ ಅರ್ಧ ಪುಟ ಪ್ರಾರ್ಥನೆ ಮಾಡಿದ್ದೀರಿ. ಅದು ನನ್ನ ಕೈಗೆ ಬಂತು, ಅಷ್ಟೇ.

ಆ ಪುಟದಲ್ಲೇ ನೀರಿನ ವಿಷಯ ಇದೆ. ಮಗನಿಗೆ ದಿನಕ್ಕೆ ಒಂದು ಲೀಟರೂ ಇಲ್ಲ, ಸ್ಟೀಲ್ ಲೋಟದಲ್ಲಿ ಗೆರೆ ಹಾಕಿ ಅಳೆದು ಕೊಡುವವರು ನೀವು. ಒಂದು ರಾತ್ರಿ ಅವನು ಬಚ್ಚಲಿನ ನಲ್ಲಿಗೆ ಬಾಯಿ ಇಟ್ಟಿದ್ದ, ನೀವು ಬೈದು ಎಳೆದಿರಿ, ಅಂದಿನಿಂದ ಪ್ರಾರ್ಥನೆಗೆ ಕೂರಲು ಆಗಿಲ್ಲ. ಇಲ್ಲಿ ಪ್ರಸಂಗ ಮಾಡುವವರಿಗೆ ಒಂದು ಉಪಮೆ ಸಲೀಸಾಗಿ ಸಿಗುತ್ತದೆ. ಮಗನ ಒಳ್ಳೆಯದಕ್ಕೇ ತಾಯಿ ನೀರು ಕೊಡುವುದಿಲ್ಲ, ದೇವರೂ ಹಾಗೇ ಅಂತ. ನಾನದನ್ನು ಹೇಳುವುದಿಲ್ಲ. ನಿಮ್ಮ ಮಗನ ಬಾಯಾರಿಕೆ ನನ್ನ ಉಪಮೆಗೆ ಸಾಮಾನಲ್ಲ. ಶಿಲುಬೆಯ ಮೇಲೆ ಯೇಸು ಆಡಿದ ಕೆಲವೇ ಮಾತುಗಳಲ್ಲಿ ಒಂದು, ನನಗೆ ನೀರಡಿಕೆಯಾಗಿದೆ ಅನ್ನುವುದು. ಅದನ್ನು ಕೇಳುತ್ತಾ ತಾಯಿ ಕೆಳಗೆ ನಿಂತಿದ್ದರು. ಇದರ ಮೇಲೆ ನನಗೆ ಏನೂ ಹೇಳಲು ಬರುವುದಿಲ್ಲ.

ಬೆಳೆಯುವ ವಿಷಯಕ್ಕೆ ಬರುತ್ತೇನೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲ, ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಅನುಭವ, ಅನುಭವದಿಂದ ನಿರೀಕ್ಷೆ ಎಂದು ಸಾಲಾಗಿ ಹೇಳುತ್ತಾನೆ. ನಾವು ಅದನ್ನು ಮೆಟ್ಟಿಲಿನ ಹಾಗೆ ಓದುತ್ತೇವೆ. ಎಷ್ಟು ದಿನಕ್ಕೆ ಒಂದು ಮೆಟ್ಟಿಲು ಅಂತ ಅವನು ಬರೆದಿಲ್ಲ. ಅವನ ಮೈಯಲ್ಲಿದ್ದ ಮುಳ್ಳು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು. ಅದನ್ನು ಕ್ಯಾಲೆಂಡರಿನಲ್ಲಿ ಓದುವವರಿಗೆ ಸಿಹಿ. ಕೇಳಿದ ದಿನ ಪೌಲನಿಗೆ ಹೇಗನಿಸಿತೋ.

ನಮ್ಮ ಅಪ್ಪನ ನಂಬಿಕೆ ಬೆಳೆಯಿತಾ? ಅವರನ್ನೇ ಕೇಳಿದ್ದರೆ ಇಲ್ಲ ಅನ್ನುತ್ತಿದ್ದರು. ಮಿಲ್ಲಿನ ಕೆಲಸ ಮತ್ತೆ ಸಿಗಲಿಲ್ಲ. ಒಂದು ಗೋದಾಮಿನಲ್ಲಿ ವಾಚ್‌ಮನ್ ಆಗಿ ಹದಿನಾಲ್ಕು ವರ್ಷ ಕಳೆದರು. ಆ ಉದ್ದ ಪ್ರಾರ್ಥನೆ ಕೊನೆಯವರೆಗೂ ವಾಪಸ್ ಬರಲಿಲ್ಲ. ಆದರೆ ಒಂದು ನಾನು ಕಂಡೆ. ಮುಷ್ಕರಕ್ಕೆ ಮೊದಲು ಚಾಳಿನಲ್ಲಿ ಯಾರಾದರೂ ಸಾಲ ಮಾಡಿ ಸಿಕ್ಕಿಬಿದ್ದರೆ, ಕುಡಿದು ಬಿದ್ದರೆ, ಅಪ್ಪ ಹೋಗಿ ಬುದ್ಧಿ ಹೇಳಿ ಬರುತ್ತಿದ್ದರು. ಆಮೇಲೆ ಹೋಗುವಾಗ ಕೈಯಲ್ಲಿ ಅರ್ಧ ಕಿಲೋ ಸಕ್ಕರೆಯ ಪೊಟ್ಟಣ ಇರುತ್ತಿತ್ತು. ಕೂತು, ಚಾ ಕುಡಿದು, ಎದ್ದು ಬರುತ್ತಿದ್ದರು. ಬುದ್ಧಿ ಹೇಳುತ್ತಿರಲಿಲ್ಲ. ಅದು ಬೆಳವಣಿಗೆ ಅಂತ ಅವರಿಗೆ ಗೊತ್ತಿರಲಿಲ್ಲ. ನನಗೂ ಆಗ ಗೊತ್ತಾಗಲಿಲ್ಲ, ಅಪ್ಪ ಸೋತರು ಅಂದುಕೊಂಡಿದ್ದೆ.

"ನಾನು ಕ್ರೈಸ್ತಳೇ ಹೌದಾ" ಎಂದು ಕೇಳಿದ್ದೀರಿ. ಈ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಕೊಡಬಲ್ಲವರು ಪಂಡಿತಾ ರಮಾಬಾಯಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ನಮ್ಮ ಕಾರ್ಕಳದ ಮಾಳದವರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ಹೋದರು. ಉಳಿದ ಅಣ್ಣ 1880ರಲ್ಲಿ ತೀರಿಕೊಂಡ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ, ಕಾಲರಾಕ್ಕೆ ಗಂಡ ಹೋದ. ಕೈಯಲ್ಲಿ ವರ್ಷ ತುಂಬದ ಹೆಣ್ಣು ಮಗು. ಮರುವರ್ಷ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಎಂಬ ಶಾಲೆ ತೆರೆದರು, ಮುಂದಿನ ವರ್ಷ ಅದು ಪುಣೆಗೆ ಹೋಯಿತು. ಆಮೇಲೆ ಪುಣೆಯಾಚೆಯ ಕೇಡಗಾಂವ್‌ನಲ್ಲಿ ಬರಗಾಲದ ಹೆಣ್ಣುಮಕ್ಕಳಿಗೆ ಮನೆ ಕಟ್ಟಿದರು.

ಇದನ್ನು ಕಷ್ಟದಿಂದ ಕೀರ್ತಿಗೆ ಅಂತ ಹೇಳಿಬಿಡುವುದು ನಮ್ಮ ಅಭ್ಯಾಸ. ಅವರು ತಾವೇ ಬರೆದುಕೊಂಡ ಸಾಕ್ಷಿಯಲ್ಲಿ ಬೇರೆ ಮಾತು ಇದೆ. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ, ತನಗೆ ಸಿಕ್ಕಿದ್ದು ಕ್ರೈಸ್ತಧರ್ಮ, ಕ್ರಿಸ್ತ ಇನ್ನೂ ಸಿಕ್ಕಿಲ್ಲ ಎಂದು ಗೊತ್ತಾಯಿತಂತೆ. ಅಷ್ಟು ಹೊತ್ತಿಗೆ ಶಾರದಾ ಸದನ ನಡೆಯುತ್ತಿತ್ತು, ಜನ ಅವರನ್ನು ಹೊಗಳುತ್ತಿದ್ದರು. ಅವರೊಳಗೆ ನಿಮ್ಮ ಪ್ರಶ್ನೆಯೇ ಇತ್ತು. ಮತ್ತು ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಜೊತೆಯಲ್ಲೇ ದುಡಿದ ಆ ಒಬ್ಬಳೇ ಮಗಳು ಮನೋರಮಾ 1921ರಲ್ಲಿ ತೀರಿಕೊಂಡಳು. ತಾಯಿಗೆ ಆಗ ಕಿವಿಯೂ ಸರಿಯಾಗಿ ಕೇಳುತ್ತಿರಲಿಲ್ಲ. ಮೂಲ ಹೀಬ್ರೂ, ಗ್ರೀಕಿನಿಂದ ಮರಾಠಿಗೆ ಸತ್ಯವೇದ ಅನುವಾದ ಮಾಡುವ ಕೆಲಸ ಕೈಯಲ್ಲಿತ್ತು. ಅದನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಮಗಳು ಹೋದ ಮೇಲಿನ ಆ ತಿಂಗಳುಗಳಲ್ಲಿ ಅವರು ಪ್ರೂಫ್ ಮುಂದೆ ಹೇಗೆ ಕೂತಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ. ಪ್ರೂಫ್ ನೋಡುವ ಕೆಲಸದವನಲ್ವಾ ನಾನು.

ದುಡ್ಡಿನ ವಿಷಯ. ಸಂಕೋಚ ಬೇಡ, ಆಸ್ಪತ್ರೆಯ ಸೋಶಿಯಲ್ ವರ್ಕರ್ ಹತ್ತಿರ ಹೋಗಿ ಕೇಳಿ. ಮಹಾರಾಷ್ಟ್ರ ಸರ್ಕಾರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆಯಲ್ಲಿ ಡಯಾಲಿಸಿಸ್ ಬರುತ್ತದೆ. ಟ್ರಸ್ಟಿನ ಧರ್ಮಾದಾಯ ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆ ತೀರ ಬಡವರಿಗೆ ಪುಕ್ಕಟೆ, ಇನ್ನೂ 10 ರಿಯಾಯಿತಿಯಲ್ಲಿ ಕೊಡಬೇಕು ಎಂಬ ನಿಯಮ ಮಹಾರಾಷ್ಟ್ರದಲ್ಲಿದೆ. ರೇಶನ್ ಕಾರ್ಡ್, ತಹಸೀಲ್ದಾರರಿಂದ ಆದಾಯದ ದಾಖಲೆ ರೆಡಿ ಇಟ್ಟುಕೊಳ್ಳಿ. ಇದನ್ನೆಲ್ಲ ಕೇಳಿದರೆ ನಂಬಿಕೆ ಕಡಿಮೆ ಅಂತ ಯಾರಾದರೂ ಅಂದರೆ ಅವರಿಗೆ ನನ್ನ ವಿಳಾಸ ಕೊಡಿ.

ಸಭೆಗೆ ಹೋಗುವುದು ನಿಲ್ಲಿಸಿದ್ದೇನೆ ಎಂದೂ ಬರೆದಿದ್ದೀರಿ. ಹಾಡಲು ಬರದಿದ್ದರೆ ಹಾಡಬೇಡಿ. ಕೊನೆಯ ಬೆಂಚಿನಲ್ಲಿ ಕೂತು, ಪ್ರಸಂಗದ ಮಧ್ಯೆ ಎದ್ದು ಬಂದರೂ ಪರವಾಗಿಲ್ಲ. ನಮ್ಮಮ್ಮ ಅಪ್ಪನ ಪಾಲಿನ 'ಆಮೆನ್' ಹೇಳಿದ ಹಾಗೆ ಸ್ವಲ್ಪ ಕಾಲ ಬೇರೆಯವರು ನಿಮ್ಮ ಪಾಲಿನದನ್ನು ಹೇಳಲಿ. ಆ ಮನೆಕೂಟಕ್ಕೆ ಮಾತ್ರ ಸದ್ಯಕ್ಕೆ ಹೋಗಬೇಡಿ.

ಖಾನೆಯಲ್ಲಿದ್ದ ಹನ್ನೊಂದು ಪತ್ರದಲ್ಲಿ ಒಂದನ್ನು ಮುಂದಿನ ತಿಂಗಳು ಸಾಕ್ಷಿ ಅಂಕಣದಲ್ಲೇ ಹಾಕುತ್ತಿದ್ದೇನೆ. ಎಲ್ಲಿಗೆ ನಿಂತಿದೆಯೋ ಅಲ್ಲಿಗೆ ನಿಲ್ಲಿಸಿ. ನಿಮ್ಮದನ್ನೂ ಹಾಕಲಾ ಅಂತ ಈಗ ಕೇಳುವುದಿಲ್ಲ.

ನಿಮ್ಮ ಮಗನ ಡಯಾಲಿಸಿಸ್ ಮಂಗಳವಾರ, ಗುರುವಾರ, ಶನಿವಾರ ಎಂದು ಬರೆದಿದ್ದೀರಿ. ಪತ್ರಿಕೆ ಬುಧವಾರ ಪ್ರೆಸ್ಸಿಗೆ ಹೋದರೆ ಗುರುವಾರ ನನಗೆ ಕೆಲಸ ಇರುವುದಿಲ್ಲ. ನಾನಿರುವ ಥಾಣೆಯಿಂದ ನಿಮ್ಮಲ್ಲಿಗೆ ಲೋಕಲ್‌ನಲ್ಲಿ ಅರ್ಧ ಗಂಟೆ. ಆ ನಾಲ್ಕು ಗಂಟೆ ಹೊರಗಿನ ಬೆಂಚಿನಲ್ಲಿ ನಾನು ಕೂತಿರುತ್ತೇನೆ, ನೀವು ಮನೆಗೆ ಹೋಗಿ ಮಲಗಿ ಬನ್ನಿ. ಮಗನಿಗೆ ಇಷ್ಟವಿದ್ದರೆ ಮಾತು, ಇಲ್ಲದಿದ್ದರೆ ನಾನು ಪೇಪರ್ ತಂದುಕೊಳ್ಳುತ್ತೇನೆ. ಯಾವ ಗೇಟಿನಿಂದ ಒಳಗೆ ಬರಬೇಕು ಅಂತ ಒಂದು ಸಾಲು ಬರೆದು ಹಾಕಿ.

ನಿಮ್ಮ
ಸಂಪಾದಕ